ಚುಕ್ಕಿ

ಬೆಳಿಗ್ಗೆ ಎಂಟೂವರೆಗೆ
ತಳಕಿನ ನಾಡಕಚೇರಿಯ ಹಿಂದೆ
ತಂತಿಬೇಲಿಯ ಬೀಗ ತೆಗೆಯುತ್ತೇನೆ.
ಒಳಗೆ ಒಂದು ಲಾಳಿಕೆ, ಒಂದು ಡಬ್ಬಿ,
ರೊಟ್ಟಿಯಗಲವೂ ಇಲ್ಲದ ಬಾಯಿ.
ಸುತ್ತ ಹದಿನೆಂಟು ಹಳ್ಳಿಯ ಆಕಾಶ
ಇದರೊಳಕ್ಕೇ ಬೀಳಬೇಕೆಂದು
ಸರ್ಕಾರದ ನಂಬಿಕೆ.

ನಮ್ಮ ಕಡೆ ಮಳೆಯೇ ಬರುವುದಿಲ್ಲ ಎನ್ನುತ್ತಾರೆ. ಸುಳ್ಳು.
ಬರುತ್ತದೆ. ಕರೆದ ನೆಂಟರಂತೆ ಅಲ್ಲ,
ಬೇರೆಲ್ಲಿಗೋ ಹೊರಟವರು
ಬಸ್ಸು ಕೆಟ್ಟು ಇಲ್ಲಿ ಇಳಿದು ನಿಂತಂತೆ.
ರಸ್ತೆಯ ಆಚೆ ಗಾದ್ರೆಪ್ಪನ ಶೇಂಗಾ ತೊಯ್ಯುವಾಗ
ಈಚೆ ನನ್ನ ಡಬ್ಬಿಯ ತಳದಲ್ಲಿ
ಇರುವೆಯೊಂದು ಒಣಗಿದ ಜಾಲಿ ಎಲೆ ಎಳೆಯುತ್ತಿರುತ್ತದೆ.
ಬರೆಯುತ್ತೇನೆ: ಸೊನ್ನೆ ಚುಕ್ಕಿ ಸೊನ್ನೆ.
ಗಾದ್ರೆಪ್ಪ ಒದ್ದೆ ಟವೆಲು ಹೆಗಲಿಗೆ ಹಾಕಿ ಬಂದು
ಕಿಟಕಿಯಲ್ಲಿ ನಗುತ್ತಾನೆ:
“ಹಿಂಡಿ ಕೊಡ್ತೀನಿ, ಇದನ್ನೂ ಅಳಿಯವ್ವ.”

ಮಂಗಳವಾರ, ಶುಕ್ರವಾರ ಮೊಬೈಲಿಗೆ ಸಂದೇಶ.
ಓದು ಬಾರದ ಖಾಸಿಂಬಿಗೆ ನಾನೇ ಓದಿ ಹೇಳಬೇಕು.
ಭಾಗಶಃ ಮೋಡ ಕವಿದ ವಾತಾವರಣ.
ಗಾಳಿ ಗಂಟೆಗೆ ಹದಿನೆಂಟು ಕಿಲೋಮೀಟರ್.
ಈರುಳ್ಳಿಗೆ ನೇರಳೆ ಮಚ್ಚೆ ರೋಗದ ಸಂಭವ,
ಸಿಂಪಡಣೆ ಮುಂದೂಡಿ.
ಅಲ್ಲಲ್ಲಿ ಹಗುರ ಮಳೆ.
“ಅಲ್ಲಲ್ಲಿ ಅಂದ್ರೆ ಎಲ್ಲೆಲ್ಲಿ?” ಎನ್ನುತ್ತಾಳೆ ಖಾಸಿಂಬಿ.
“ಹಗುರ ಅಂದ್ರೆ ಎಷ್ಟು ಹಗುರ?
ನನ್ನ ಕನಕಾಂಬರದ ಮೊಗ್ಗು ಉದುರ್ತಾವಾ ಇಲ್ವಾ?
ಅಷ್ಟು ಕೇಳಿ ಹೇಳು.”
ಯಾರನ್ನು ಕೇಳಲಿ? ಆ ನಂಬರಿಗೆ
ತಿರುಗಿ ಫೋನು ಹೋಗುವುದಿಲ್ಲ.

ನಮ್ಮತ್ತೆ ಕಾಟಮ್ಮನ ಲೆಕ್ಕ ಬೇರೆ.
ಅವಳ ಮಳೆಗಳಿಗೆ ಮಿಲಿಮೀಟರಿಲ್ಲ, ಸ್ವಭಾವವಿದೆ.
ರೋಹಿಣಿ ಬಾಯಿ ಜೋರು, ಕೈ ಬಿಗಿ.
ಆರಿದ್ರೆ ಹಿಡಿದರೆ ಹಿಡಿದ ಹಠ.
ಹುಬ್ಬೆಗೆ ಹೊಟ್ಟೆಕಿಚ್ಚು.
ಉತ್ತರೆ ಮಾತು ಕೊಟ್ಟು ತವರಿಗೆ ಹೋಗುವವಳು.
ರಾತ್ರಿ ಅಂಗಳದಲ್ಲಿ ಮಲಗಿ ಮೇಲೆ ಬೆರಳು ತೋರಿಸುತ್ತಾಳೆ:
“ಮಳೆ ಆ ಚುಕ್ಕಿ ನೋಡ್ಕೊಂಡು ಬರೋದು ಕಣೆ,
ನಿನ್ನ ಪುಸ್ತಕದ ಚುಕ್ಕಿ ನೋಡ್ಕೊಂಡಲ್ಲ.”

ಆ ಚುಕ್ಕಿಯ ಮಾತಿಗೇ ಬಂದ
ಪಾಲಯ್ಯನವರ ತಿಪ್ಪೇಶಿ, ಮೊನ್ನೆ ಸಂಜೆ.
ಜಗಲಿಯಲ್ಲಿ ಕೂತ. ಶೇಂಗಾ ಸುಲಿದ,
ತನಗೊಂದು, ನನಗೊಂದು.
“ನಿನ್ನೆ ಹನ್ನೆರಡು ಚುಕ್ಕಿ ನಾಲ್ಕು ಬರ್ದಿದೀಯಂತೆ.
ಚುಕ್ಕೀನ ಒಂದು ಮನೆ ಎಡಕ್ಕೆ ಸರಿಸು.
ಒಂದು ಚುಕ್ಕಿ ಎರಡಾದ್ರೆ ಹೋಬಳಿಗೇ ವಿಮೆ ಬರ್ತೈತೆ.”
ನಾನೆಂದೆ, “ಬಿದ್ದದ್ದು ಬಿದ್ದೈತಲ್ಲ.”
ಅವನೆಂದ, “ನಿನ್ನ ಡಬ್ಬೀಗೆ.
ನಮ್ಮ ಹೊಲಕ್ಕೆ ಬಾ, ಮುಟ್ಟಿ ನೋಡು,
ಬೆರಳಿಗೆ ಮಣ್ಣು ಅಂಟಿದ್ರೆ ಕೇಳು.”

ಹೋದೆ. ಕತ್ತಲಾಗಿತ್ತು, ಟಾರ್ಚು ಹಿಡಿದ.
ಈರುಳ್ಳಿ ಮಡಿಯಲ್ಲಿ ಮಂಡಿಯೂರಿ
ಗೆಣ್ಣಿನ ತನಕ ಬೆರಳು ಇಳಿಸಿದೆ.
ಅಂಟಲಿಲ್ಲ.
ದೂರದಲ್ಲಿ ಗಾಳಿಯಂತ್ರದ ಕೆಂಪು ದೀಪಗಳು
ಹೊತ್ತಿ ಆರಿ, ಹೊತ್ತಿ ಆರಿ,
ಯಾವ ನಕ್ಷತ್ರಕ್ಕೂ ಸೇರದ ಚುಕ್ಕಿಗಳು.

ನನ್ನ ಡಬ್ಬಿ ಸುಳ್ಳು ಹೇಳಿಲ್ಲ.
ತಿಪ್ಪೇಶಿಯೂ ಹೇಳಿಲ್ಲ.
ನಿದ್ದೆ ಬರಲಿಲ್ಲ. ಎದ್ದು ಪುಸ್ತಕ ತೆಗೆದೆ.
ಕೊನೆಯ ಕಾಲಂ, ಷರಾ.
ಹನ್ನೊಂದು ವರ್ಷ ಅಲ್ಲಿ ಅಡ್ಡಗೆರೆ ಎಳೆದಿದ್ದೇನೆ,
ಕೈ ತಾನಾಗಿ ಎಳೆಯುವಷ್ಟು.
ಹನ್ನೆರಡು ಚುಕ್ಕಿ ನಾಲ್ಕನ್ನು ಮುಟ್ಟಲಿಲ್ಲ.
ಆ ಗೆರೆಯ ಮೇಲೆ ಬರೆದೆ:
ರಸ್ತೆಯ ಈಚೆ ಮಾತ್ರ. ಪಾಲಯ್ಯನವರ ಹೊಲದಲ್ಲಿ
ಬೆರಳಿಗೆ ಮಣ್ಣು ಅಂಟಲಿಲ್ಲ. ಖುದ್ದು ನೋಡಿದ್ದೇನೆ.

ಚಳ್ಳಕೆರೆಯಿಂದ ಫೋನು ಬಂತು.
ಹುಡುಗ ಒಳ್ಳೆಯವನೇ, ದನಿ ಮೆತ್ತಗೆ:
“ಮೇಡಂ, ಕಂಪ್ಯೂಟರಿನಲ್ಲಿ ಷರಾಕ್ಕೆ ಜಾಗ ಇಲ್ಲ.”
“ಪುಸ್ತಕದಲ್ಲಿ ಇದೆಯಲ್ಲಪ್ಪ” ಎಂದೆ.

ತಿಪ್ಪೇಶಿ ಮಾತು ಬಿಟ್ಟಿದ್ದಾನೆ,
ಬಿಡಲಿ, ಹಬ್ಬದ ತನಕ.
ಇವತ್ತು ಡಬ್ಬಿ ಎತ್ತಿ ಬಗ್ಗಿಸಿದೆ,
ಇರುವೆ ಬಿತ್ತು, ಎಲೆ ಬಿತ್ತು.
ಸೊನ್ನೆ ಚುಕ್ಕಿ ಸೊನ್ನೆ.
ಷರಾ: ಖಾಸಿಂಬಿಯ ಮೊಗ್ಗು ಗಿಡದಲ್ಲೇ ಇವೆ.
ಗಾದ್ರೆಪ್ಪನ ಟವೆಲು ಒದ್ದೆ.