ಬೇಲಿ ಕಂಬದ ಲೆಕ್ಕ

ತೋರುನ್ ಊರಿನಲ್ಲಿ, ರೈಲು ಹಳಿಯಾಚೆ,
ನನ್ನ ತೋಟದ ತುಂಡಿಗೆ ಎದುರೇ ಅವರಿಬ್ಬರದು.
ಹನ್ನೊಂದು ವರ್ಷ ಮಾತಿಲ್ಲ.
ವಾಲ್ಡೆಮಾರನ ಪ್ಲಮ್ ಮರದ ನೆರಳು
ಬೊಗುಮಿಲಾಳ ಟೊಮೆಟೊ ಪಾತಿಗೆ ಬಿತ್ತಂತೆ, ಅಷ್ಟೇ.

ಆಗಸ್ಟ್ ಯಾರ ಮುನಿಸನ್ನೂ ಕೇಳುವುದಿಲ್ಲ.
ಎಳೆಗಾಯಿ ಅನ್ನುವಷ್ಟರಲ್ಲಿ ಕುಂಬಳ ತೊಡೆಗಾತ್ರ;
ತಿನ್ನುವ ಬಾಯಿ ಒಂದೇ.
ಬೆಳಗ್ಗೆ ಬೇಲಿಯ ದಪ್ಪ ಕಂಬದ ಮೇಲೆ ಅವಳದೊಂದು ಕಾಯಿ,
ಸಂಜೆಗೆ ಅಲ್ಲೇ ಅವನ ಬಕೀಟು ತುಂಬ ಪ್ಲಮ್ಮು.
ಹುಳ ಬಿದ್ದದ್ದು ಲೆಕ್ಕಕ್ಕಿಲ್ಲ. ಖಾಲಿ ಬಕೀಟು
ತೊಳೆದೇ ವಾಪಸ್ಸು.
"ಜಗಳ ನೆರಳಿನದು, ಹಣ್ಣಿನ ತಪ್ಪೇನು?"
ಎನ್ನುತ್ತಿದ್ದಳು ನನ್ನ ಹೆಂಡತಿ, ಇದ್ದಾಗ.

ಈ ವರ್ಷ ಬಕೀಟು ಬರಲಿಲ್ಲ.
ಮೂರು ದಿನ ಕುಂಬಳ ಕೂತೇ ಇತ್ತು,
ಬಸವನಹುಳು ಏರಿ, ಬೆಳ್ಳಿಗೆರೆ ಎಳೆದು, ಇಳಿಯಿತು.
ನಾಲ್ಕನೆಯ ದಿನ ನನ್ನ ಗೇಟಿನ ಬಳಿ ಬಂದು
ಬೆಳ್ಳುಳ್ಳಿ, ಬಿಸಿಲು, ನೀರಿನ ಬಿಲ್ಲು, ಏನೇನೋ ಆಡಿ
ಬೂಟಿನ ಮಣ್ಣು ಕೆರೆಯುತ್ತ ಕೇಳಿದಳು:
"ಅವನು... ಊರಲ್ಲಿಲ್ಲವೇನು?"
"ಇದ್ದಾನೆ. ಏಣಿಯಿಂದ ಬಿದ್ದ. ಕಾಲು ಮುರಿದಿದೆ."

ಸಂಜೆ ಅವಳು ಬೇಲಿ ಸುತ್ತಿ ಆ ಮರದತ್ತ ನಡೆದಾಗ
ಕೈಯಲ್ಲಿ ಗರಗಸವೆಂದೇ ಹೆದರಿದೆ.
ಏಣಿ.
ಕತ್ತಲಾಗುವವರೆಗೆ ಕಿತ್ತಳು, ಬೈಯುತ್ತಲೇ,
ಮರವನ್ನೋ ಅವನನ್ನೋ.
ಆರು ಬಕೀಟು ನನ್ನ ಕೈಗಾಡಿಗೆ ಹೇರಿದಳು,
ಅವನ ಮನೆಗೆ ಮುಟ್ಟಿಸು ಎಂದು;
ಮೇಲೆ ಆ ಕುಂಬಳವನ್ನೂ.

ಏಳನೆಯದನ್ನು ಕಂಬದ ಮೇಲಿಟ್ಟು
ಮತ್ತೆ ಬೇಲಿ ಸುತ್ತಿ ತನ್ನ ಕಡೆಗೆ ಹೋಗಿ,
ಅಲ್ಲಿಂದ ಕೈಚಾಚಿ ಎತ್ತಿಕೊಂಡಳು.