ಸದ್ದು ಕೂಡದು, ಬೆಳಕು ಕೂಡದು

ಕಾಡ್ ಮೀನು ಹಿಡಿಯಕೂಡದೆಂದು ಸರ್ಕಾರ ಹೇಳಿದ ವರ್ಷ
ದೋಣಿ ಮಗುಚಿಟ್ಟು ಪೊರಕೆ ಹಿಡಿದೆ.
ಅಂದಿನಿಂದ ಈ ಶಾಲೆಯ ಬೀಗದ ಕೈಗಳೆಲ್ಲ ನನ್ನ ಸೊಂಟದಲ್ಲಿ.
ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಯಲ್ಲಿ
ಮಾರ್ಚ್ ಅಂದರೂ ಚಳಿಗಾಲವೇ,
ಶನಿವಾರ ಅಂದರೂ ನನಗೆ ಶಾಲೆಯೇ.

ಆಟದ ಹಾಲಿನಲ್ಲಿ ಮೂವತ್ತೊಂದು ಮಕ್ಕಳು.
ರಟ್ಟು, ದಾರ, ಬಿರಡೆ, ಹರಿದ ಬಲೆ, ಒಂದು ಬಕೆಟ್ ಅಂಟು.
ಗೋಡೆಗೆ ಅಂಕಪಟ್ಟಿ ಇಲ್ಲ, ಮೇಜಿನ ಮೇಲೆ ಕಪ್ ಇಲ್ಲ.
ತೀರ್ಪುಗಾರರ ಕುರ್ಚಿ ಎಲ್ಲಿ ಹಾಕಲಿ ಎಂದು ಕೇಳಿದ್ದಕ್ಕೆ
ಮೊಯ್ರಾ ಟೀಚರ್ ನಕ್ಕರು:
"ಬೇಡ ಗಸ್, ಇಲ್ಲಿ ಯಾರೂ ಗೆಲ್ಲುವುದಿಲ್ಲ."
ಹಾಗಾದರೆ ಇಷ್ಟು ಬೇಗ ಎದ್ದು ಬಂದದ್ದೇಕೆ ಇವರೆಲ್ಲ?
ಅಂದುಕೊಂಡೆ, ಅನ್ನಲಿಲ್ಲ.

ಸಮಸ್ಯೆಯನ್ನು ಹಲಗೆಯ ಮೇಲೆ ಬರೆದರು:
ಮಂಜು ಕವಿದಿದೆ. ದೋಣಿಯೊಂದು ದಾರಿ ತಪ್ಪಿದೆ.
ದಡ ಇಲ್ಲಿದೆ ಎಂದು ಅದಕ್ಕೆ ತಿಳಿಸಿ.
ಸದ್ದು ಕೂಡದು. ಬೆಳಕು ಕೂಡದು.

ಓದುತ್ತಿದ್ದಂತೆ ನನ್ನ ಪೊರಕೆ ನಿಂತಿತು.

ದೋಣಿಯೆಂದರೆ ಅಡುಗೆಮನೆಯ ತಳ್ಳುಗಾಡಿ.
ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಡ್‌ಮಾಸ್ಟರು,
ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಮುದುಡಿ.
ಒಂದು ಗುಂಪು ನೆಲದ ತುಂಬ ಬಿರಡೆ ಹರವಿತು,
ಗಾಲಿ ಕುಲುಕಿದರೆ ದಡ ಹತ್ತಿರ ಎಂದು ಅರ್ಥ.
ಇನ್ನೊಂದು, ಗಾಳಿಯಲ್ಲಿ ದಾರ ಇಳಿಬಿಟ್ಟಿತು.
ಮೂರನೆಯದು ಜಗಳವಾಡುತ್ತ ಕೂತಿತ್ತು.
ಅಲ್ಲಿಂದ ಎದ್ದು ಬಂದಳು ಕೆರಿಲಿನ್ ಟೋಬಿನ್,
ಹತ್ತು ವರ್ಷ, ಮೂಗಿನ ಮೇಲೆ ಅಂಟು.
"ನೀವು ಮಂಜಿನಲ್ಲಿ ಸಿಕ್ಕಿಹಾಕಿಕೊಂಡಿದ್ದಿರಾ?"

ಇಪ್ಪತ್ತೇಳು ವರ್ಷ ಈ ಶಾಲೆಯಲ್ಲಿ
ಕೀ ಎಲ್ಲಿ, ಬಕೆಟ್ ಎಲ್ಲಿ,
ಅಷ್ಟೇ ಕೇಳಿದ್ದರು ನನ್ನನ್ನು.

"ಒಮ್ಮೆ," ಅಂದೆ. "ಅಪ್ಪನೂ ನಾನೂ. ಆರು ತಾಸು.
ಕೊನೆಗೆ ಮೂಗಿಗೆ ಬಡಿಯಿತು ನೋಡು,
ಯಾರದೋ ಮನೆಯಲ್ಲಿ ಹಂದಿಕೊಬ್ಬಿಗೆ ಈರುಳ್ಳಿ ಹಾಕಿ ಹುರಿಯುತ್ತಿದ್ದರು.
ಆ ವಾಸನೆ ಹಿಡಿದೇ ದಡ ಸೇರಿದೆವು."
ಅವಳು ತಿರುಗಿ ಹಲಗೆ ನೋಡಿದಳು.
ವಾಸನೆ ಕೂಡದು ಎಂದು ಬರೆದಿರಲಿಲ್ಲ.

ಅಡುಗೆಮನೆಯ ಬೀಗ ತೆಗೆದವನು ನಾನೇ.
ಎರಡು ಬಾಣಲೆ, ಒಂಬತ್ತು ಈರುಳ್ಳಿ, ರಟ್ಟಿನ ರೆಕ್ಕೆಯ ಬೀಸಣಿಗೆ.
ಬೀಸಣಿಗೆ ಮೂರೇ ಸುತ್ತಿಗೆ ಕಳಚಿ ಬಿತ್ತು.
ಅದನ್ನು ಮಾಡಿದ ಡೆಕ್ಲನ್‌ಗೆ ಅಳು ತುಟಿಯ ತುದಿಗೆ ಬಂದಿತ್ತು.
ಆಗ ಬಿರಡೆಯವರು ತಮ್ಮದನ್ನು ಅಲ್ಲೇ ಬಿಟ್ಟು
ನೋಟುಬುಕ್ಕು ಹಿಡಿದು ಬಂದರು. ದಾರದವರೂ ಬಂದರು.
ಮೂವತ್ತೊಂದು ಮಕ್ಕಳು ಸಾಲಾಗಿ ನಿಂತು
ಬೀಸಿದರು, ಬೀಸಿದರು, ತುಟಿ ಬಿಗಿದು.
ಸದ್ದು ಕೂಡದಲ್ಲ.

ತಳ್ಳುಗಾಡಿ ಹೊರಟಿತು. ಹೆಡ್‌ಮಾಸ್ಟರು ಗಾಳಿ ಮೂಸಿದರು.
ಎಡಕ್ಕೆ ಎಂದರು. ಇನ್ನೂ ಎಡಕ್ಕೆ.
ನೇರ ಅಡುಗೆಮನೆಯ ಬಾಗಿಲಿಗೇ ಹೋಗಿ ಗುದ್ದಿಕೊಂಡರು.
ಅಲ್ಲಿ ಎರಡನೆಯ ಬಾಣಲೆ ಸೀಯುತ್ತಿತ್ತು,
ಒಲೆ ಆರಿಸುವುದು ಮರೆತಿದ್ದೆ.

ಹಾಲಿಗೆ ಹಾಲೇ ನಕ್ಕಿತು. ಕೆರಿಲಿನ್ ನಗಲಿಲ್ಲ.
ಹಾಳೆಯ ಮೇಲೆ ಬರೆದಳು: ಎರಡು ಮನೆಯಿದ್ದರೆ?

ಸಂಜೆ ತಮ್ಮ ಅಲ್ಬರ್ಟಾದಿಂದ ಫೋನ್ ಮಾಡಿದ.
ಯಾರು ಗೆದ್ದರು ಅಂದ.
ಈರುಳ್ಳಿ ಖರ್ಚಾಯಿತು ಅಂದೆ.

ಸಿಪ್ಪೆ ಗುಡಿಸಿ, ಬೀಗ ಜಡಿದು ಹೊರಬಂದರೆ ನಿಜದ ಮಂಜು.
ಕೈ ಚಾಚಿದರೆ ಕೈ ಕಾಣದು.
ಹಳೆಯ ಚಾಳಿ, ಮೂಗೆತ್ತಿದೆ.
ಏನೂ ಇಲ್ಲ.
ಈಗ ಎಲ್ಲರ ಮನೆಗೂ ಕರೆಂಟಿನ ಹೀಟರು,
ಕಿಟಕಿಗೆ ಜೋಡಿ ಗಾಜು.

ಸೋಮವಾರ ಅವಳ ಹಾಳೆಯ ಕೆಳಗೆ ಬರೆಯಬೇಕು:
ಒಂದೂ ಇಲ್ಲದಿದ್ದರೆ?