ರುಚಿ ಎಂಬ ಕಾಲಂ

ಮೂವತ್ತೊಂದು ವರ್ಷ ವಾರ್ಡೆಯ ಹವಾಮಾನ ಠಾಣೆಯಲ್ಲಿ
ಮೂರು ಗಂಟೆಗೊಮ್ಮೆ ಗಾಳಿ ಅಳೆದವನು ನಾನು, ಆಡ್ವಾರ್.
ನಿವೃತ್ತಿಯ ದಿನ ಒಂದು ಗಡಿಯಾರ ಕೊಟ್ಟರು.
ಬರೆಯದೆ ಉಳಿದ ನಾಲ್ಕು ದಪ್ಪ ಪುಸ್ತಕ
ನಾನೇ ಎತ್ತಿಕೊಂಡು ಬಂದೆ.

ಈಗ ಅವುಗಳಲ್ಲಿ ಕಾಫಿ ಬರೆಯುತ್ತೇನೆ.
'ಮೋಡ' ಇದ್ದಲ್ಲಿ ಪುಡಿಯ ತರಿ,
'ಒತ್ತಡ' ಇದ್ದಲ್ಲಿ ನೀರಿನ ಬಿಸಿ,
'ಗೋಚರತೆ'ಗೆ ಗೆರೆ ಎಳೆದು ಮೇಲೆ 'ರುಚಿ'.
ಗಾಳಿಯ ಕಾಲಂ ಮಾತ್ರ ಹಾಗೇ ಬಿಟ್ಟಿದ್ದೇನೆ,
ಚಾಳಿ.

ಬೀಜ ಬರುವುದು ಅಂಚೆಯಲ್ಲಿ, ಹಡಗು ನಿಂತ ಮರುದಿನ.
ಈ ಸಲದ್ದು ಬುರುಂಡಿಯದು, ಕಯಾನ್ಜಾ ಕಡೆಯ ಒಂದು ಗುಡ್ಡದ್ದು,
ಚೀಲದ ಮೇಲೆ ಸಣ್ಣಕ್ಷರದಲ್ಲಿ:
ಏಪ್ರಿಕಾಟ್, ಕಿತ್ತಳೆ ಹೂವು, ಕಾಡುಜೇನು.
ಕಿತ್ತಳೆ ಹೂವು!
ಮರವೇ ಇಲ್ಲದ ದ್ವೀಪದಲ್ಲಿ ಹುಟ್ಟಿದ ಮೂಗು ಇದು.
ಮೀನೆಣ್ಣೆ, ಟಾರು, ಒದ್ದೆ ಉಣ್ಣೆ,
ಹಿಮ ಬೀಳುವ ಮುಂಚಿನ ಕಬ್ಬಿಣದ ವಾಸನೆ
ಕೇಳಿ, ಹೇಳುತ್ತೇನೆ.

ಹದಿನೆಂಟು ಗ್ರಾಂ. ತೊಂಬತ್ತನಾಲ್ಕು ಡಿಗ್ರಿ.
ಮೊದಲು ಒಂದಿಷ್ಟೇ ನೀರು,
ಪುಡಿ ಉಬ್ಬಿ ಉಸಿರು ಬಿಡುವವರೆಗೆ ಕಾಯುವುದು,
ಆಮೇಲೆ ಸುತ್ತು ಸುತ್ತಾಗಿ, ಸಣ್ಣ ಧಾರೆ.
ಮೊದಲ ಸಲ ಹುಳಿ. ಎರಡನೆಯದು ಒಗರು.
ತರಿ ಕಿರಿದು ಮಾಡಿದೆ: ಕಹಿ, ಗಂಟಲ ತನಕ.
ಹಿರಿದು ಮಾಡಿದೆ: ಬಣ್ಣದ ನೀರು.
ಐದನೆಯದನ್ನು ಬೆಕ್ಕು ಉರುಳಿಸಿತು, ಅದೂ ಬರೆದಿದ್ದೇನೆ.
ಒಂಬತ್ತನೆಯದು ಆರಿ ಉಗುರುಬೆಚ್ಚಗಾದಾಗ
ಏನೋ ಒಂದು ಸಿಹಿ ನಾಲಿಗೆಯ ಅಂಚಿಗೆ ಬಂದು ಕೂತಿತು,
ಹೆಸರು ಕೇಳುವಷ್ಟರಲ್ಲಿ ಎದ್ದು ಹೋಯಿತು.

ಅಕ್ಕ ಮಾಗ್ನ್‌ಹಿಲ್ ಕರಿ ಕೆಟಲಿನಲ್ಲಿ ಕುದಿಸಿ
ಗಸಿ ಇಳಿಯಲೆಂದು ಮೇಜಿಗೆ ಮೂರು ಸಲ ಕುಟ್ಟಿ ಸುರಿಯುತ್ತಿದ್ದಳು.
ಅದಕ್ಕೆ ಒಂದೇ ರುಚಿ: ಕಾಫಿ.

ಡಿಸೆಂಬರ್ ಹದಿನಾಲ್ಕು. ಸೂರ್ಯನಿಗೆ ಮೂರು ವಾರದಿಂದ ರಜೆ.
ಮೇಲಿನ ಮನೆಯ ಗೋಡಲೀವ್
ಏಡಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದವಳು, ಕೀಲಿ ಮರೆತು,
ಮಗಳು ಶಾಲೆ ಬಿಟ್ಟು ಬರುವ ತನಕ ನನ್ನ ಅಡಿಗೆಮನೆಯಲ್ಲಿ ಕೂತಳು.
ಹನ್ನೊಂದನೆಯದಕ್ಕೆ ಬೀಸುತ್ತಿದ್ದೆ.
ಚೀಲ ಎತ್ತಿ ಓದಿದಳು. ಗುಡ್ಡದ ಹೆಸರನ್ನು
ನನ್ನ ಉಚ್ಚಾರದಿಂದ ಬಿಡಿಸಿ ತೆಗೆದು
ಸರಿಯಾಗಿ ಅಂದಳು, ಎರಡು ಸಲ.

ಪುಡಿ ಮೂಸಿದಳು. ಏನೂ ಇಲ್ಲ ಎಂದಳು.
ಒದ್ದೆಯಾದ ಮೇಲೆ ಮತ್ತೆ ಬಗ್ಗಿ, ತಟ್ಟನೆ ನಕ್ಕಳು:
"ತೊಟ್ಟಿ! ಇದು ತೊಟ್ಟಿ!
ಹಣ್ಣು ಬಿಡಿಸಿ ನೆನೆಹಾಕುತ್ತಿದ್ದ ತೊಟ್ಟಿ. ರಾತ್ರಿಯೆಲ್ಲ ಹುಳಿ ಬಂದಿರುತ್ತಿತ್ತು.
ಬೆಳಿಗ್ಗೆ ನಾವು ಹುಡುಗಿಯರು ಮೊಣಕಾಲಿನವರೆಗೆ ಇಳಿದು
ತುಳಿಯುತ್ತಿದ್ದೆವು, ಹಾಡಿಕೊಂಡು. ಲೋಳೆ, ಲೋಳೆ.
ಜಾರಿ ಬಿದ್ದರೆ ಮೇಸ್ತ್ರಿ ಕೂಲಿ ಹಿಡಿಯುತ್ತಿದ್ದ."
ಆ ಕಾಫಿ ಹೇಗಿರುತ್ತಿತ್ತು, ಕೇಳಿದೆ, ಪೆನ್ನು ಬಿಚ್ಚಿಕೊಂಡು.
"ಗೊತ್ತಿಲ್ಲ. ನಾವು ಕುಡಿಯುತ್ತಿದ್ದುದು ಬಾಳೆಹಣ್ಣಿನ ಬಿಯರು.
ಕಾಫಿ ಲಾರಿ ಹತ್ತುತ್ತಿತ್ತು."

ಸೋಸಿದೆ. ಎರಡು ನಿಮಿಷ ಐವತ್ತು ಸೆಕೆಂಡು,
ಇಷ್ಟು ಹದವಾಗಿ ಎಂದೂ ಇಳಿದಿರಲಿಲ್ಲ.
ಆರಲಿ, ಎಂದೆ, ಆರಿದರೆ ಜೇನು ಬರುತ್ತದಂತೆ.
ಅವಳು ಕಾಯಲಿಲ್ಲ. ಒಂದು ಗುಟುಕು. ಮುಖ ಹುಳ್ಳಗೆ ಮಾಡಿ
"ಸಕ್ಕರೆ ಇದೆಯಾ?"

ಇಂಥ ಬೀಜಕ್ಕೆ ಸಕ್ಕರೆಯೇ
(ಹುರಿದವನು ಚೀಟಿ ಬರೆದೇ ಬೇಡಿಕೊಂಡಿದ್ದಾನೆ).
ಎದ್ದು ಡಬ್ಬಿ ಹುಡುಕಿದೆ. ಕಲ್ಲಾಗಿತ್ತು,
ಮೇಜಿಗೆ ಕುಟ್ಟಿದೆ, ಮೂರು ಸಲ.
ಒಂದು ಚಮಚ. ಎರಡು. ಅವಳು ಕೈ ಅಡ್ಡ ತರಲಿಲ್ಲ. ಮೂರು.
ಬೂಟು ಕಳಚಿ, ಪಾದಗಳನ್ನು ಹೀಟರಿನ ಹತ್ತಿರ ಸರಿಸಿ,
ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಪೂರ್ತಿ ಕುಡಿದಳು.
ಕಾಲ್ಚೀಲದ ಹೆಬ್ಬೆರಳಲ್ಲಿ ತೂತು.

ಆಮೇಲೆ ಬರೆದೆ:
ಗಾಳಿ ವಾಯವ್ಯ, ಹದಿನಾರು ಮೀಟರು.
ಹನ್ನೊಂದನೆಯದು. ಸಕ್ಕರೆ ಮೂರು ಚಮಚ.
ರುಚಿ
ಎಂಬಲ್ಲಿಗೆ ಬಂದು ಪೆನ್ನು ನಿಂತಿತು.
ಗೆರೆಯ ಕೆಳಗಿನ ಹಳೆಯ ಅಕ್ಷರ ಇನ್ನೂ ಓದಲು ಬರುತ್ತಿತ್ತು.
ಕಿಟಕಿಯ ಹಬೆ ಒರೆಸಿ, ನೋಡಿ, ಅದನ್ನೇ ತುಂಬಿದೆ:
ಬಂದರಿನ ಎರಡನೆಯ ದೀಪದವರೆಗೆ.